ವಿಮಾನಕ್ಕೆ ಹೊದಿಸಿದ ಕಂಬಳಿ

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಆ ವಿಮಾನ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಹಿಂದಿನ ಯಜಮಾನನ ಕೈಯಲ್ಲಿ ಹನ್ನೊಂದು ವರ್ಷ ದುಡಿದಿದ್ದರೂ ರೆಕ್ಕೆಯ ಮೇಲೊಂದು ಗೀರಿರಲಿಲ್ಲ. ಒಳಗೆ ಎತ್ತರದ ಆಳೂ ತಲೆ ಬಾಗಿಸದೆ ನಡೆಯಬಹುದು. ಹದಿನಾಲ್ಕು ಆಸನ, ದೊಡ್ಡ ದೊಡ್ಡ ಕಿಟಕಿ. ಮನುಷ್ಯನ ಕೈ ಇಂಥದ್ದನ್ನೂ ಮಾಡಬಲ್ಲದಲ್ಲ ಎಂದು ಮನಸ್ಸು ತಾನಾಗಿ ಕೈಮುಗಿಯುತ್ತಿತ್ತು.

ಬೆಳಗಾವಿಯಲ್ಲಿ ಪಂಪಿನ ಕಾರ್ಖಾನೆ ಕಟ್ಟಿ ಮೂರು ದೇಶಕ್ಕೆ ಮಾಲು ಕಳಿಸುವ ಉತ್ತಮ ಅದನ್ನು ಕೊಳ್ಳಲು ಬಂದಿದ್ದ. ಇಂಜಿನಿಯರುಗಳು ನೋಡಿ ಒಪ್ಪಿದ್ದರು. ಎಂಬತ್ತರ ತಾಯಿ ಕಾಂತವ್ವ ಒಳಗೆ ಕೂತ ಮೇಲೆ ಸಹಿ. ಅವಳನ್ನೂ ಬಸದಿಯ ಅವಳ ಗೆಳತಿಯರನ್ನೂ ಮೊದಲ ಹಾರಾಟದಲ್ಲಿ ಜಾರ್ಖಂಡದ ಶಿಖರ್ಜಿ ಬೆಟ್ಟದ ಯಾತ್ರೆಗೆ ಕರೆದೊಯ್ಯುವುದು ಅವನ ಬಹುದಿನದ ಆಸೆ.

ಕಾಂತವ್ವ ಆಸನದ ಮೇಲೆ ಬೆರಳಾಡಿಸಿದಳು. ಕೈ ನಿಂತಿತು.

"ಉತ್ತಮ, ಇದು ಚರ್ಮ ಅಲ್ಲೇನೋ?"

ವಿಮಾನ ಮಾರಿಸಲು ಬಂದಿದ್ದ ದಲ್ಲಾಳಿ ಹಿಗ್ಗಿದ. "ಹೌದ್ರಿ ಅಮ್ಮಾರ, ಅಸಲಿ ಮಾಲು!"

ಹದಿನಾರರ ಪ್ರಾಯದಲ್ಲಿ ಜೈನ ಮುನಿಗಳ ಮುಂದೆ ಚರ್ಮದ ವಸ್ತು ಬಳಸೆನೆಂದು ವ್ರತ ತೊಟ್ಟವಳು ಅವಳು. ಮುಖ ಸಿಂಡರಿಸಲಿಲ್ಲ. "ಭಾಳ ಚಂದ ಐತಿ. ನೀವು ಕುಂದರ್ರಿ, ನಾ ನಿಂತಿರತೇನಿ."

"ಶಿಖರ್ಜಿ ತನಕಾ ನಿಂತ ಬರತೀ ಏನವ್ವಾ?"

"ಬೆಟ್ಟಾ ನಡದ ಏರಾಕಿಗೆ ನಿಂದ್ರೂದು ಏನ್ ದೊಡ್ಡದೋ?"

ಉತ್ತಮ ಪೆನ್ನನ್ನು ಜೇಬಿಗಿಳಿಸಿದ.

ದಲ್ಲಾಳಿ ನಕಲಿ ಚರ್ಮ ತೋರಿಸಿದ. "ನೋಡಾಕ ಇದೂ ಚರ್ಮದಂಗ ಐತಿ ಅಲ್ಲೇನಪಾ?" ಎಂದಳು ಕಾಂತವ್ವ. ಅವಳು ಮೆಚ್ಚಿದ ಕೈಮಗ್ಗದ ಹತ್ತಿಬಟ್ಟೆ ಬೆಂಕಿಯ ಪರೀಕ್ಷೆಯಲ್ಲಿ ಸೋತಿತು. ಉರಿ ಸರಿಸಿದ ಮೇಲೂ ಹೊತ್ತಿ ಉರಿಯುವ ಬಟ್ಟೆ ವಿಮಾನದಲ್ಲಿ ನಡೆಯುವುದಿಲ್ಲ.

ಮರುವಾರ ತಾಯಿ ಮಗ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ತಮ್ಮ ಹೊಲಕ್ಕೆ ಹೋದರು. ಗೊಬ್ಬರಕ್ಕೆಂದು ವರ್ಷವೂ ಅಲ್ಲಿ ಕುರಿಮಂದೆ ತರುಬುವ ಕುರಿಗಾಹಿ ರಾಯಪ್ಪ ಕಂಬಳಿ ಹಾಸಿ ಕೂರಿಸಿದ. ಅವನ ಹೆಂಡತಿ ಸತ್ಯವ್ವ ಚಹಾಕ್ಕೆ ಒಲೆ ಹೂಡಿದಳು. ಗಾಳಿಗೆ ಕೆಂಡವೊಂದು ಹಾರಿ ಕಾಂತವ್ವನ ಮಗ್ಗುಲಲ್ಲೇ ಕಂಬಳಿಯ ಮೇಲೆ ಬಿತ್ತು. ಉತ್ತಮ ಜಿಗಿದೆದ್ದ.

"ಕುಂದರ್ರಿ ಸಾವ್ಕಾರ್ರ," ರಾಯಪ್ಪ ನಕ್ಕ. "ಕಂಬಳಿ ಉರಿಯಂಗಿಲ್ರಿ. ಚುರ್ ಅಂತೈತಿ, ಆರತೈತಿ."

ಕೊಡವಿದಾಗ ಕಡಲೆಯಷ್ಟು ಕಲೆ, ಅಷ್ಟೇ. ತಾಯಿ ಮಗ ಮುಖ ಮುಖ ನೋಡಿಕೊಂಡರು.

"ಉಣ್ಣೆ ಕತ್ತರಿಸೂಮುಂದ ಕುರಿಗಿ ನೋವಾಗತೈತೇನ ಸತ್ಯವ್ವ?"

"ಅವು ಸುಮ್ಮ ನಿಂದರತಾವ್ರಿ ಅವ್ವಾರ. ಕಟಿಂಗ್ ಮಾಡಸ್ಕೊಳ್ಳೂಮುಂದ ನಮ್ಮವರ ಒದರತಾರ!"

ದಲ್ಲಾಳಿ ಮೂರು ತಿಂಗಳು ಕಾಯಲು ಒಪ್ಪಿದ. ಆಸನಗಳಿಗೆ ಹೊದಿಸಲೆಂದು ಸತ್ಯವ್ವ ಉಣ್ಣೆಯನ್ನು ಎಂದಿಗಿಂತ ನಯವಾಗಿ ನೂತಳು, ರಾಯಪ್ಪ ನೇಯ್ದ. ಪರೀಕ್ಷೆಯವರು ತುಂಡೊಂದನ್ನು ಉರಿಗೆ ಹಿಡಿದು ಉರಿ ಸರಿಸಿದರು. ಕಂಬಳಿ ತನ್ನಷ್ಟಕ್ಕೆ ತಾನೇ ಆರಿತು.

ಚರ್ಮ ಕಳಚಿ ಕಂಬಳಿ ಹೊದ್ದ ಆಸನಗಳೊಡನೆ ವಿಮಾನ ಸಾಂಬ್ರಾಕ್ಕೆ ಮರಳಿತು. ಹೊಳೆಯುವ ಮರಗೆಲಸದ ನಡುವೆ ಕುರಿಯ ಆ ಕರಿಬಣ್ಣ ಎಷ್ಟು ಗಂಭೀರವಾಗಿತ್ತೆಂದರೆ ದಲ್ಲಾಳಿಯೇ ನಿಂತು ಫೋಟೋ ತೆಗೆದ. ಕಾಂತವ್ವ ಸತ್ಯವ್ವನನ್ನು ಪಕ್ಕದಲ್ಲಿ ಕೂರಿಸಿ, ಣಮೋಕಾರ ಮಂತ್ರ ಹೇಳಿಕೊಂಡು ಮೆಲ್ಲಗೆ ಕುಳಿತಳು.

"ಚುಚ್ಚತೈತೇನ್ರಿ ಅವ್ವಾರ?"

"ಒಂಚೂರು ಚುಚ್ಚತೈತಿ. ಇರಲಿ. ಯಾತ್ರಾಕ್ಕ ಹೊಂಟೇನಿ ಅನ್ನೂದು ನೆನಪಿರಬೇಕಲ್ಲ."

ಉತ್ತಮ ಜೇಬಿನಿಂದ ಪೆನ್ನು ತೆಗೆದ.