ತೇಪೆ ಅಕ್ಕನ ಗಿಡ

ನಕ್ಷೆ ಕಚೇರಿಯ ಜವಾನನಿಗೆ ಹೆತ್ತವರು ಇಟ್ಟ ಹೆಸರು ಬೇರೆ, ಕಚೇರಿ ಇಟ್ಟ ಹೆಸರು ‘ಒಂದ್ನಿಮಿಷ’. ಯಾರು ಕೂಗಿದರೂ, ಯಾವ ಮೇಜಿನ ಗಂಟೆ ಬಡಿದರೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದದ್ದು ಅದೇ ಮಾತು. ಸುಳ್ಳನೇನಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಓಡಾಡುತ್ತಿದ್ದ, ಹೇಳಿದ ಕೆಲಸ ಮಾಡುತ್ತಲೂ ಇದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಪೂರ್ತಿಯಾಗಿ ಮರೆತದ್ದು ಒಂದೇ ಕೆಲಸ, ಅದೂ ಒಂದು ಲೋಟ ನೀರು.

ಆ ನೀರು ಕೇಳಿದ್ದು ತೇಪೆ ಅಕ್ಕ. ಹರಿದ ಹಳೆಯ ನಕ್ಷೆಗಳ ಬೆನ್ನಿಗೆ ತೆಳು ಬಟ್ಟೆ ಅಂಟಿಸಿ ಸರಿಮಾಡುವುದು ಅವಳ ಕೆಲಸ. ನಕ್ಷೆಗಳ ಬಣ್ಣ ಮಾಸಬಾರದೆಂದು ಅವಳು ಕೂರುವ ಕೋಣೆಯ ಪರದೆಗಳನ್ನು ಸರಿಸುತ್ತಿರಲಿಲ್ಲ. ಬಾಗಿಲ ಮೇಲೆ ಸಾಹೇಬರ ಸಹಿ ಇದ್ದ ಫಲಕ: ‘ಒಳಗೆ ಊಟ, ನೀರು, ಬೆಂಕಿ ತರಕೂಡದು.’ ಅಂಟನ್ನು ಕೂಡ ಹೊರಗೆ ಕಲಸಿ ತರಬೇಕು. ಹೀಗಾಗಿ ಬಾಯಾರಿದರೆ ಅಕ್ಕ ಬಾಗಿಲವರೆಗೆ ಬಂದು ಜವಾನನನ್ನು ಕರೆಯಬೇಕಿತ್ತು, ಹೊಸ್ತಿಲ ಹೊರಗೆ ನಿಂತು ಕುಡಿಯಬೇಕಿತ್ತು.

ಆ ಕತ್ತಲೆ ಕೋಣೆಯಲ್ಲಿ ಅವಳಿಗೆ ಜೊತೆಯೆಂದರೆ ಒಂದು ಗಿಡ. ಹಸಿರು ಎಲೆಯ ಮೇಲೆ ಬೂದಿ ಚೆಲ್ಲಿದಂಥ ಪಟ್ಟೆ. ಅಗ್ಲೋನೀಮ ಅಂತ ಸಸಿ ಮಾರುವವನು ಹೇಳಿದ್ದನಂತೆ. ದೊಡ್ಡ ಕಾಡಿನ ಮರಗಳ ಬುಡದಲ್ಲಿ, ಬಿಸಿಲಿನ ಮುಖ ನೋಡದೆ ಬೆಳೆಯುವ ಜಾತಿ. ಕಚೇರಿಯಲ್ಲಿ ಯಾರ ನಾಲಿಗೆಯೂ ಆ ಹೆಸರಿಗೆ ಹೊರಳಲಿಲ್ಲ, ಎಲ್ಲರಿಗೂ ಅದು ಅಕ್ಕನ ಗಿಡ. ಹದಿನಾಲ್ಕು ವರ್ಷ ಅದು ಕಪಾಟಿನ ಪಕ್ಕ ಸದ್ದಿಲ್ಲದೆ ಇತ್ತು, ಅಕ್ಕನೂ ಹಾಗೇ ಇದ್ದಳು. ಅವಳು ಆಗಾಗ ಕುಂಡದ ಮಣ್ಣಿಗೆ ಬೆರಳು ಚುಚ್ಚುವುದನ್ನು ಒಂದ್ನಿಮಿಷ ನೋಡಿದ್ದ. ಯಾಕೆಂದು ಕೇಳಿರಲಿಲ್ಲ.

ಆ ದಿನ ಹನ್ನೊಂದರ ಸುಮಾರಿಗೆ ಅಕ್ಕ ಬಾಗಿಲಿಗೆ ಬಂದು, "ಒಂದು ಲೋಟ ನೀರು ಕೊಡ್ತೀಯಾ? ಮಾತ್ರೆ ನುಂಗ್ಬೇಕು, ತಲೆ ಸಿಡೀತಿದೆ" ಎಂದಿದ್ದಳು.

"ಒಂದ್ನಿಮಿಷ ಅಕ್ಕ."

ಅಷ್ಟರಲ್ಲಿ ಸಾಹೇಬರ ಗಂಟೆ ಬಡಿಯಿತು. ಆಮೇಲೆ ಕೌಂಟರಿನ ಹುಡುಗಿ ಕೂಗಿದಳು, ಆಮೇಲೆ ಚಹಾ ಬಂತು. ನಾಲ್ಕು ಗಂಟೆಗೆ ಅಕ್ಕ ಚೀಲ ಹಿಡಿದು ಅವನ ಮುಂದೆಯೇ ಹಾದು, "ಬರ್ತೀನಪ್ಪ" ಎಂದಳು. ನೀರಿನ ಮಾತು ಎತ್ತಲಿಲ್ಲ. ಮರುದಿನ ಅವಳು ಹಾಸಿಗೆಯಿಂದ ಏಳಲೇ ಇಲ್ಲ, ನಿದ್ದೆಯಲ್ಲೇ ತೀರಿಹೋದಳೆಂದು ಸುದ್ದಿ ಬಂದಾಗ ಒಂದ್ನಿಮಿಷನಿಗೆ ಮೊದಲು ನೆನಪಾದದ್ದು ಅವಳ ಮುಖವಲ್ಲ, ಆ ಲೋಟ.

ಎರಡು ವಾರ ಕಳೆದು ಅಕ್ಕನ ಮಗಳು ಫೋನ್ ಮಾಡಿದಳು. ಅವಳು ದೂರದ ಬಡಾವಣೆಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಳು. "ಅಮ್ಮನ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡಿ. ಗಿಡ ಮಾತ್ರ ನಂಗೆ ಬೇಕು. ಮುಂದಿನ ತಿಂಗಳು ಮೊದಲನೇ ಸೋಮವಾರ ರಜ ಇದೆ, ಬಂದು ತಗೊಂಡು ಹೋಗ್ತೀನಿ."

"ನೀವು ಬರೋವರೆಗೂ ನಾನು ನೋಡ್ಕೋತೀನಮ್ಮ" ಎಂದ ಒಂದ್ನಿಮಿಷ. ಅಂದಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ. ಲೋಟ ನೀರು ಕೊಡಲಾಗದವನು ಗಿಡವನ್ನಾದರೂ ಜೀವಂತವಾಗಿ ಮಗಳ ಕೈಗೆ ಕೊಡಬೇಕು.

ದಿನಾ ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು, ಫಲಕದ ಕಡೆ ನೋಡದೆ, ತುಂಬಿದ ಲೋಟವನ್ನು ಒಳಗೊಯ್ದು ಕುಂಡಕ್ಕೆ ಸುರಿಯುತ್ತಿದ್ದ. ವಾರದಲ್ಲಿ ಎಲೆಗಳು ಜೋತುಬಿದ್ದವು. ಪಾಪ, ಬಾಯಾರಿಕೆ ಎಂದು ಇನ್ನರ್ಧ ಲೋಟ ಸೇರಿಸಿದ. ಎಲೆ ಹಳದಿಯಾಯಿತು. ಬೆಳಕು ಸಾಲದೇನೋ ಎಂದು ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಇಟ್ಟ. ಹುಟ್ಟಿದಂದಿನಿಂದ ನೆರಳಲ್ಲಿದ್ದ ಗಿಡ ಒಂದೇ ಬಿಸಿಲಿಗೆ ಇಸ್ತ್ರಿ ತಾಗಿದ ಬಟ್ಟೆಯಂತೆ ಸುಟ್ಟುಕೊಂಡಿತು. ಗಾಬರಿಬಿದ್ದು ಮತ್ತೆ ಒಳಗಿಟ್ಟು, ಮತ್ತೆ ನೀರು ಹೊಯ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ನೋಡಿ ನಗುತ್ತೇವೆ. ಇವನು ಅದೇ ಎತ್ತಿಗೇ ಹಾಕಿದ.

ಒಂದು ಸಂಗತಿ ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಸಂಜೆ ಕುಂಡದ ತಟ್ಟೆಯಲ್ಲಿ ಅವನು ಹೊಯ್ದದ್ದಕ್ಕಿಂತ ಹೆಚ್ಚು ನೀರಿರುತ್ತಿತ್ತು.

ಮಗಳು ಬರುವ ಮೂರು ದಿನ ಮೊದಲು, ಊಟದ ಹೊತ್ತಿನಲ್ಲಿ, ಅವನು ಕಪಾಟುಗಳ ಹಿಂದೆ ನೆಲಕ್ಕೆ ಕೂತು ಕೆಳಗಿನ ಅರೆಯ ಧೂಳು ಒರೆಸುತ್ತಿದ್ದ. ಬಾಗಿಲು ಮೆಲ್ಲಗೆ ಸರಿಯಿತು. ಬಂದವರು ಸಾಹೇಬರು! ಕಡತದ ಮರೆಯಲ್ಲಿ ಲೋಟ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಆಚೀಚೆ ನೋಡದೆ ನೀರು ಸುರಿದು, ಒಂದು ಎಲೆಯನ್ನು ಬೆರಳಿಂದ ಎತ್ತಿ ಹಿಡಿದು ನಿಂತರು. ಬಿಟ್ಟೊಡನೆ ಅದು ಮತ್ತೆ ಜೋತುಬಿತ್ತು. ಅವರು ಹೋದ ಮೇಲೆ ಕೌಂಟರಿನ ಹುಡುಗಿ ತನ್ನ ಬಾಟಲಿ ತಂದಳು. ಅವಳ ಬೆನ್ನಿಗೇ ನಕ್ಷೆ ಬರೆಯುವವನು, ಒಂದು ಕತ್ತರಿಯ ಜಗಳಕ್ಕೆ ಎರಡು ವರ್ಷ ಅಕ್ಕನಿಗೆ ಮುಖ ಕೊಟ್ಟು ಮಾತಾಡದವನು, ಬಣ್ಣದ ಕುಂಚ ತೊಳೆಯುವ ಡಬ್ಬಿಯನ್ನು ಚೆನ್ನಾಗಿ ತೊಳೆದು ತುಂಬಿಕೊಂಡು ಬಂದ.

ಕಪಾಟಿನ ಹಿಂದೆ ಕೂತ ಒಂದ್ನಿಮಿಷನಿಗೆ ನಗು ಬಂತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಲು ಎಲ್ಲರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಬಂದಿದ್ದರು.

ಅವನು ಎದ್ದು ಬಂದು ಗಿಡದ ಬುಡ ಹಿಡಿದು ನೋಡಿದ. ಕಾಂಡ ಕೈಗೇ ಬಂತು. ಬೇರು ಕೊಳೆತು ಲೋಳೆಯಾಗಿತ್ತು, ವಾಸನೆ ಹೊಡೆಯುತ್ತಿತ್ತು. ನೆಟ್ಟರೆ ಚಿಗುರಬಹುದಾದ ಗಟ್ಟಿ ತುಂಡು ಒಂದಾದರೂ ಸಿಕ್ಕೀತೆಂದು ಮಣ್ಣಲ್ಲೆಲ್ಲ ಕೈಯಾಡಿಸಿದ. ಸಿಗಲಿಲ್ಲ. ಕಾಂಡವನ್ನು ಮತ್ತೆ ಕುಂಡದಲ್ಲಿ ಮಲಗಿಸಿದ.

ಸೋಮವಾರ ಮಗಳು ಬಂದಳು. ತಾಯಿಯದೇ ಮುಖ, ತಾಯಿಯದೇ ಮೆಲ್ಲನೆಯ ದನಿ. ಕುಂಡ ನೋಡಿ ಮಣ್ಣಿಗೆ ಬೆರಳು ಚುಚ್ಚಿದಳು.

"ಎರಡು ಗೆಣ್ಣಿನಷ್ಟು ಒಣಗಿದ್ರೆ ಮಾತ್ರ ನೀರು ಹಾಕ್ಬೇಕು ಅಂತಿದ್ಲು ಅಮ್ಮ. ಹತ್ತು ದಿನಕ್ಕೊಂದ್ಸಲ, ಬೆಳಿಗ್ಗೆ ಯಾರೂ ಬರೋಕ್ ಮುಂಚೆ ಕುಂಡಾನ ಹೊಸ್ತಿಲಾಚೆ ಇಟ್ಟು. ಇದಕ್ಕೆ ಇಷ್ಟು ನೀರು ಹಾಕಿದ್ಯಾರು?"

"ನಾನೇ ಕಣಮ್ಮ" ಎಂದ ಒಂದ್ನಿಮಿಷ.

"ನಾನೂ ಹಾಕ್ದೆ" ಎಂದರು ಸಾಹೇಬರು, ತಮ್ಮದೇ ಫಲಕದ ಕೆಳಗೆ ನಿಂತು. ಕೌಂಟರಿನ ಹುಡುಗಿ ಅಳಲು ಶುರುಮಾಡಿದಳು. ನಕ್ಷೆ ಬರೆಯುವವನು ತಲೆ ತಗ್ಗಿಸಿದ.

ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಮ್ಮ ಹೇಳ್ತಿದ್ಲು, ಅಲ್ಲಿ ನಾನು ಇದ್ರೂ ಒಂದೇ ಇಲ್ದಿದ್ರೂ ಒಂದೇ, ಗಿಡಕ್ಕೆ ಮಾತ್ರ ನಾನು ಬೇಕು ಅಂತ." ಬೈಗುಳದ ದನಿಯಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎಲ್ಲರಿಗೂ ಅನ್ನಿಸಿತು.

ಆದರೂ ಅವಳು ಕುಂಡ ಬಿಟ್ಟುಹೋಗಲಿಲ್ಲ. ನೀರು ಕುಡಿದ ಮಣ್ಣು ಕಲ್ಲಿನಂತೆ ಭಾರ. ಒಂದ್ನಿಮಿಷ ಅದನ್ನು ಹೊತ್ತು ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದ. ಅಲ್ಲಿ ಬೆಂಚಿನ ಮೇಲೆ ಇಳಿಸಿ, ಇನ್ನು ತಡೆಯಲಾರದೆ ಲೋಟದ ಕತೆಯನ್ನೆಲ್ಲ ಹೇಳಿದ. ಸಾಹೇಬರ ಗಂಟೆ, ಚಹಾ, ನಾಲ್ಕು ಗಂಟೆ, ಒಂದನ್ನೂ ಬಿಡಲಿಲ್ಲ.

ಅವಳು ಕೈಚೀಲದ ಒಳಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಒಂದು ಬಿಳಿ ಮಾತ್ರೆ.

"ಅಮ್ಮನ ಚೀಲದಲ್ಲಿತ್ತು. ಯಾಕೆ ನುಂಗ್ಲಿಲ್ಲ ಅಂತ ಇಷ್ಟು ದಿನ ಯೋಚಿಸ್ತಿದ್ದೆ. ಮನೆಗೆ ಬಂದವಳೇ ಮಲಗಿಬಿಟ್ಟಿರ್ಬೇಕು. ಬರೀ ತಲೆನೋವಿಂದು ಅಣ್ಣ. ನುಂಗಿದ್ರೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು, ನೀವು ಮನಸ್ಸಿಗೆ ಹಚ್ಕೋಬೇಡಿ." ಅವಳು ಪೊಟ್ಟಣವನ್ನು ಮತ್ತೆ ಮಡಿಚಿದಳು. "ಆದ್ರೆ ನೋವು ಇತ್ತಲ್ಲ ಅವಳಿಗೆ. ಸಂಜೇವರೆಗೂ ಕಾದಿದ್ದಾಳೆ, ನೀವು ತಂದೇ ತರ್ತೀರ ಅಂತ."

ಬಸ್ಸು ಬಂತು. ಅವನು ಕುಂಡವನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟ. ಬಸ್ಸು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದ.

ಕಚೇರಿಗೆ ಮರಳುವ ಹೊತ್ತಿಗೆ ಸಾಹೇಬರ ಗಂಟೆ ಬಡಿಯುತ್ತಿತ್ತು, ಕೌಂಟರಿನಿಂದಲೂ ಯಾರೋ ಕರೆದರು. ಅವನು ಯಾರಿಗೂ ‘ಒಂದ್ನಿಮಿಷ’ ಎನ್ನಲಿಲ್ಲ. ನಲ್ಲಿಯ ಹತ್ತಿರ ಹೋಗಿ ಒಂದು ಲೋಟ ನೀರು ತುಂಬಿದ, ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ನಕ್ಷೆ ಕೋಣೆಯ ಹೊಸ್ತಿಲವರೆಗೆ ಬಂದ, ಅಲ್ಲಿ ನಿಂತ. ಒಳಗಿಂದ ಯಾರೂ ಕೈ ಚಾಚಲಿಲ್ಲ.