ಕಾರ್ಡಿನ ನಡುವಿನ ದೊಡ್ಡ ಸಾಲು

ಭಾಗಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಇದ್ದಿದ್ದರೆ ಶಹಾಬಾದಿನ ಆ ಫರಸಿ ಕಲ್ಲಿನ ಖಣಿ ಗಂಡ ತೀರಿಕೊಂಡ ವರ್ಷವೇ ಕೈಬಿಟ್ಟು ಹೋಗುತ್ತಿತ್ತು. ಹಾಲಿನವಳು ಅಳೆದುಕೊಟ್ಟ ಹಾಲನ್ನು ಆಕೆ ಇನ್ನೊಮ್ಮೆ ಅಳೆಯುವಳು. ಗಾಡಿಗೆ ಹೇರಿದ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಮುಂದೆ ಬಿಡುವಳು. ಸಂಶಯದ ಹೆಂಗಸು ಎಂದು ಊರು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರಿಗೇನು, ಖಣಿ ಅವರದಲ್ಲವಲ್ಲ.

ಅಂಥವಳ ಮುಂದೆ ಮೈದುನ ಅಂಬಾರಾಯ ಒಂದು ಡಬ್ಬಿ ತಂದಿಟ್ಟ. ಒಳಗೆ ಮುಲಾಖಾತಿ ಕಾರ್ಡುಗಳು. ಹೈದರಾಬಾದಿನ ಸಾಹೇಬರನ್ನು ಕಾಣಬೇಕೆಂದರೆ ಬಾಗಿಲಲ್ಲಿ ನಿಂತ ಚಪರಾಸಿಯ ಕೈಯಲ್ಲಿ ಇಂಥದೊಂದನ್ನು ಒಳಗೆ ಕಳಿಸಬೇಕು. ಕಾರ್ಡು ಮನಸ್ಸಿಗೆ ಬಂದರೆ ಕರೆ ಬರುತ್ತದೆ, ಬಾರದಿದ್ದರೆ ಸಂಜೆಯವರೆಗೆ ಬೆಂಚು ಕಾಯಬೇಕು. ನಿಜಾಮ ಸರಕಾರ ಕಟ್ಟಿಸುತ್ತಿದ್ದ ಹೊಸ ಕಚೇರಿಯ ನೆಲಕ್ಕೆಲ್ಲ ಫರಸಿ ಒದಗಿಸುವ ಗುತ್ತಿಗೆ ಆಗ ತೀರ್ಮಾನವಾಗುವುದರಲ್ಲಿತ್ತು. ಖಣಿ ಭಾಗಮ್ಮನದು, ಅದಕ್ಕಾಗಿ ಹೈದರಾಬಾದಿಗೆ ಓಡಾಡುವವನು ಅಂಬಾರಾಯ.

"ನೋಡ್ರಿ ವೈನಿ, ಎಂಥಾ ಕಾರ್ಡು! ಸುತ್ತ ಬಂಗಾರದ ಅಂಚು, ಅಕ್ಷರ ಉಬ್ಬಿ ನಿಂತಾವ. ಎಲ್ಲಾ ಇಂಗ್ಲೀಷಿನ್ಯಾಗೇ ಛಾಪಿಸೀನಿ. ಸಾಹೇಬ ಕೈಯಾಗ ಹಿಡದ್ರ ಬಿಡಬಾರದು, ಹಂಗ!"

ಭಾಗಮ್ಮ ಕಾರ್ಡನ್ನು ಬಾಗಿಸಿ ನೋಡಿದಳು, ಬೆಳಕಿಗೆ ಹಿಡಿದಳು, ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಬಂಗಾರ ಬೆರಳಿಗೆ ಹತ್ತಿತು. ಆದರೆ ಆಕೆಯ ಕಣ್ಣು ನಿಂತದ್ದು ಅಲ್ಲಲ್ಲ. ಉಳಿದ ಸಾಲುಗಳೆಲ್ಲ ಇರುವೆ ಹರಿದ ಹಾಗೆ ಸಣ್ಣಗಿದ್ದವು. ನಡುವಿನದೊಂದು ಮಾತ್ರ ಕಾರ್ಡಿನ ಅಗಲಕ್ಕೂ ಕಾಲು ಚಾಚಿ ಮಲಗಿತ್ತು.

"ಈ ದೊಡ್ಡ ಸಾಲಿನ್ಯಾಗ ಏನದ?"

"ನಿಮ್ಮ ಹೆಸರ್ರಿ. ಭಾಗಮ್ಮ ಅಂತ. ಮತ್ಯಾರದು ಇರ್ತದ?"

ಆ ‘ಮತ್ಯಾರದು’ ಎಂಬ ಮಾತು ಆಕೆಗೆ ಹಿಡಿಸಲಿಲ್ಲ. ಮತ್ಯಾರದೋ ಎಂದು ಆಕೆ ಕೇಳಿರಲೇ ಇಲ್ಲ.

ಭಾಗಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಲೋಕ ನಡೆಯುವ ರೀತಿ ಗೊತ್ತಿತ್ತು. ಸಾಹೇಬ ಶಹಾಬಾದಿಗೆ ಬಂದು ಖಣಿಯಲ್ಲಿ ಇಳಿದು ನೋಡುವವನಲ್ಲ. ಅವನ ಪಾಲಿಗೆ ಕಾರ್ಡೇ ಖಣಿ. ಅದರ ಮೇಲೆ ಮಾಲಕ ಎಂದು ಯಾರ ಹೆಸರಿದೆಯೋ ಗುತ್ತಿಗೆ ಅವರಿಗೆ. ಇಂದು ಗುತ್ತಿಗೆ ಹೋದವರ ಹೆಸರಿಗೆ ನಾಳೆ ಪಟ್ಟಾ ಹೋಗುವುದಕ್ಕೆ ಎಷ್ಟು ಹೊತ್ತು?

ಮರುದಿನ ಸ್ಟೇಷನ್ನಿಗೆ ಹೋಗಿ ಟಿಕೀಟು ಕೊಡುವ ಗುಮಾಸ್ತನಿಂದ ಓದಿಸಿದಳು. ಅವನು ಅಂಬಾರಾಯ ಹೇಳಿದ್ದನ್ನೇ ಹೇಳಿದ. ಹೇಳುವಾಗ ಕಾರ್ಡು ನೋಡದೆ ಆಕೆಯ ಮುಖವನ್ನೇ ನೋಡುತ್ತಿದ್ದ. ಭಂಕೂರಿನ ಕಲ್ಲಿನ ಕಂಪನಿಯ ಕಾರಕೂನನೂ ಅದನ್ನೇ ಹೇಳಿ, "ನಿಮ್ಮ ಮೈದುನ ಭಾಳ ಚಲೋ ಮನಶಾ ನೋಡ್ರಿ," ಎಂದು ಸೇರಿಸಿದ. ಮೈದುನನ ಮಾತನ್ನು ಯಾರು ಎತ್ತಿದ್ದರು? ಆಕೆಯಂತೂ ಎತ್ತಿರಲಿಲ್ಲ.

ಅಂದು ಊಟಕ್ಕೆ ಬಡಿಸುತ್ತ ಭಾಗಮ್ಮ ಬೇಕೆಂದೇ ಅಂದಳು: "ನಾಳಿ ಶರಣಬಸಮ್ಮನ ಕಡಿಂದ ಕಾರ್ಡು ಓದಸ್ತೀನಿ."

ಶರಣಬಸಮ್ಮ ಅಂಬಾರಾಯನ ಹೆಂಡತಿ. ಆಕೆಯ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಗುಮಾಸ್ತ; ಮಗಳಿಗೆ ಇಂಗ್ಲಿಷ್ ಓದಲು ಕಲಿಸಿದ್ದ. ಈ ಮನೆಗೆ ಬಂದ ಮೇಲೆ ಆ ವಿದ್ಯೆ ಪೆಟ್ಟಿಗೆಯ ತಳದ ಸೀರೆಯಂತೆ ಮಡಚಿಯೇ ಇತ್ತು.

"ಓದಸ್ರಿ, ಓದಸ್ರಿ," ಎಂದ ಅಂಬಾರಾಯ, ರೊಟ್ಟಿ ಮುರಿಯುವುದನ್ನೂ ನಿಲ್ಲಿಸದೆ. ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಭಾಗಮ್ಮನಿಗೆ ಹೊಸ ಸಂಶಯ ಹುಟ್ಟಿತು. ಆದರೂ ಮರುದಿನ ಅವನು ಖಣಿಗೆ ಹೋದ ಮೇಲೆ ನೆಗೆಣ್ಣಿಯನ್ನು ಪಡಸಾಲೆಗೆ ಕರೆದಳು.

"ಬಾ, ಕುಂದ್ರು. ಇದ್ದದ್ದು ಇದ್ದಂಗ ಓದು."

ಶರಣಬಸಮ್ಮ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ್ಕೆ ತಿರುಗಿಸುತ್ತ ಮೆಲ್ಲಗೆ ಓದಿದಳು. "ಫರಸಿ ಕಲ್ಲಿನ ವ್ಯಾಪಾರಸ್ಥರು. ನೆಲಕ್ಕ, ಮಾಳಗಿಗಿ, ಮೆಟ್ಟಿಲಿಗಿ ಕಲ್ಲು ಸಿಗ್ತಾವ. ಖಣಿ ಮಾಲಕರು..."

ಅಲ್ಲಿಗೆ ನಿಂತಳು. ಸೆರಗು ಬಾಯಿಗೆ ಹೋಯಿತು. ಕಣ್ಣು ನೆಲಕ್ಕೆ ಇಳಿಯಿತು.

ಭಾಗಮ್ಮ ಕಾಯಲಿಲ್ಲ. ಆ ಸೀಮೆಯಲ್ಲಿ ಮುತ್ತೈದೆಯೊಬ್ಬಳ ನಾಲಿಗೆ ತಡೆಯುವ ಹೆಸರು ಲೋಕದಲ್ಲಿ ಒಂದೇ ಒಂದು. ಗಂಡ ಸತ್ತ ಮೇಲೂ ಭಾಗಮ್ಮ ತಹಶೀಲ ಕಚೇರಿಯಲ್ಲಿ ಅವನ ಹೆಸರನ್ನು ಪಕ್ಕದವರಿಂದ ಹೇಳಿಸಿದವಳು. ಅಂದ ಮೇಲೆ ಆ ದೊಡ್ಡ ಸಾಲಿನಲ್ಲಿ ಮಲಗಿದ್ದವನು ಯಾರೆಂದು ತಿಳಿಯಲು ಆಕೆಗೆ ಇಂಗ್ಲಿಷ್ ಬೇಕಿರಲಿಲ್ಲ. ಸಿಟ್ಟಿನಿಂದ ಎದೆ ಉರಿಯಿತು. ಕೈಯಿಂದ ಉಣ್ಣಿಸಿ ಬೆಳೆಸಿದ ಮೈದುನ ಎಂದು ದುಃಖವೂ ಆಯಿತು.

"ಊರು, ದಾರಿ ಏನರ ಅದೇನು ಅದರಾಗ?" ಎಂದು ಕೇಳಿದಳು, ಖಣಿಯ ವಿಳಾಸವನ್ನೂ ಮುಚ್ಚಿಟ್ಟಿದ್ದಾನೋ ಎಂದು.

"ಏನೂ ಇಲ್ಲಕ್ಕಾ."

ಅಷ್ಟರಲ್ಲಿ ಭಾಗಮ್ಮನ ಹಳೆಯ ಸ್ವಭಾವ ಮತ್ತೆ ಹೆಡೆ ಎತ್ತಿತು. ಇವಳೇಕೆ ನಿಂತಳು? ಸುಮ್ಮನೆ ‘ಭಾಗಮ್ಮ’ ಅಂದಿದ್ದರೆ ಮುಗಿಯುತ್ತಿತ್ತಲ್ಲ. ಇವಳ ಲೆಕ್ಕ ಏನು?

"ನನ್ನ ಹೆಸರು ಹೇಳು ಅಂತ ಅವ ನಿನಗ ಕಲಿಸಿರಬೇಕಲ್ಲ?"

"ಕಲಿಸಿದ್ರಕ್ಕಾ. ಹೇಳ್ತೀನಿ ಅಂತ ಒಪ್ಕೊಂಡೇ ಬಂದಿದ್ದೆ."

"ಮತ್ತ ಯಾಕ ಹೇಳಲಿಲ್ಲ? ನಿನಗ ನನ್ನಿಂದ ಏನು ಬೇಕಾಗ್ಯಾದ?"

ಶರಣಬಸಮ್ಮನ ಕಣ್ಣು ತುಂಬಿತು. "ಏನೂ ಬ್ಯಾಡಕ್ಕಾ. ಈ ಮನಿಗಿ ಬಂದಾಗಿಂದ ನನಗ ಓದು ಅಂತ ಅಂದವರು ನೀವೊಬ್ಬರೇ. ಮೊದಲನೇ ಸಲ ಓದೂದೇ ಸುಳ್ಳು ಓದ್ಲೇನ್ರಿ?"

ಭಾಗಮ್ಮನಿಗೆ ನಾಚಿಕೆಯಾಯಿತು. ತುಂಬ ವರ್ಷಗಳ ಮೇಲೆ ಆದ ನಾಚಿಕೆ. ಏನಾದರೂ ಹೇಳುವ ಮೊದಲೇ ಹೊಸ್ತಿಲಲ್ಲಿ ಚಪ್ಪಲಿ ಸದ್ದಾಯಿತು. ಅಂಬಾರಾಯ ಖಣಿಯಿಂದ ಬಂದಿದ್ದ. ಆ ಹೊತ್ತಿಗೆ ಎಂದೂ ಬರುವವನಲ್ಲ.

"ಓದಸಿದ್ರೇನ್ರಿ ವೈನಿ?" ಎಂದು ಕೇಳಿದ್ದು ಅತ್ತಿಗೆಯನ್ನು, ನೋಡಿದ್ದು ಹೆಂಡತಿಯನ್ನು.

ಆ ನೋಟವನ್ನು ಭಾಗಮ್ಮ ಕಂಡಳು. ಈಗ ಬಾಯಿ ಬಿಟ್ಟು ಜಾಡಿಸಿದರೆ ಖಣಿ ಉಳಿಯುತ್ತದೆ, ಈ ಹುಡುಗಿಯ ಸಂಸಾರ ಉಳಿಯುವುದಿಲ್ಲ.

"ಓದಿದಳು. ನನ್ನ ಹೆಸರೇ ಅದ ಅಂತ. ಆದರ ತಮ್ಮಾ, ಕಾರ್ಡು ಮಾತ್ರ ಭಾಳ ಹೊಲಸದ."

"ಹೊಲಸಾ? ಇದಾ?"

"ಮತ್ತ? ಬಂಗಾರ ಕೈಗಿ ಹತ್ತತದ. ಹೆಸರು ನೋಡಿದ್ರ ಯಾರೋ ಚೌಕದಾಗ ನಿಂತು ಒದರಿದಂಗ ಅದ. ಕಲ್ಲಿನ ಮಾತು ಕಣ್ಣಿಗೇ ಕಾಣಲ್ಲ. ನಾವು ಮಾರೂದು ಹೆಸರೋ, ಕಲ್ಲೋ? ಊರಿಲ್ಲ, ದಾರಿಯಿಲ್ಲ. ನಮ್ಮ ಕಲ್ಲು ಸೀಳಿದ್ರ ಸಾಹೇಬನ ಮಂದಿ ಜಗಳಾ ಆಡ್ಲಿಕ್ಕ ಎಲ್ಲಿಗಿ ಬರಬೇಕು? ಜಗಳಕ್ಕ ಬರೂ ದಾರಿ ತೋರಸೂದೇ ಚಲೋ ಕಾರ್ಡು. ಇವೆಲ್ಲಾ ಒಲಿಗಿ ಹಾಕು. ಕಲ್ಲು ದೊಡ್ಡದಾಗಿ, ಊರು ದೊಡ್ಡದಾಗಿ, ಮಾಲಕರ ಹೆಸರು ಕೆಳಗ ಸಣ್ಣದಾಗಿ ಬ್ಯಾರೆ ಛಾಪಸೂನು."

"ಹೆಸರು ಸಣ್ಣದು ಮಾಡಬ್ಯಾಡ್ರಿ ವೈನಿ! ಮರ್ಯಾದಿ ಹೋಗ್ತದ!"

"ನನ್ನ ಹೆಸರು ಸಣ್ಣದಾದ್ರ ನಿನಗ್ಯಾಕ ಸಂಕಟ?"

ಅಂಬಾರಾಯ ಅತ್ತಿಗೆಯ ಮುಖದಿಂದ ಹೆಂಡತಿಯ ಮುಖಕ್ಕೆ, ಹೆಂಡತಿಯ ಮುಖದಿಂದ ಅತ್ತಿಗೆಯ ಮುಖಕ್ಕೆ ನೋಡಿದ. ಕಡೆಗೆ ಸಿಟ್ಟು ಹೆಂಡತಿಯ ಮೇಲೇ ತಿರುಗಿತು.

"ಏ, ನೀ ಏನಂತ ಓದಿದಿ?"

ಭಾಗಮ್ಮ ಅಡ್ಡ ಬರಲು ಎದ್ದಳು. ಆದರೆ ಶರಣಬಸಮ್ಮ ಆಗಲೇ ಎದ್ದು ನಿಂತಿದ್ದಳು. ಸೆರಗು ಬಾಯಿಯ ಮೇಲಿರಲಿಲ್ಲ.

"ಇದ್ದದ್ದೇ ಓದಿನ್ರಿ," ಎಂದಳು ಗಂಡನ ಮುಖ ನೋಡಿ. "ನಿಮ್ಮ ಹೆಸರಿನ ತನಕ."

ಭಾಗಮ್ಮ ಹೋಗಿ ನೆಗೆಣ್ಣಿಯ ಪಕ್ಕದಲ್ಲಿ, ಅವಳಿಗೂ ಅಂಬಾರಾಯನಿಗೂ ನಡುವೆ ನಿಂತಳು.

"ನಾಳಿ ಹೈದರಾಬಾದಿಗಿ ನಾವಿಬ್ಬರು ಹೋಗ್ತೀವಿ, ಬ್ಯಾರೆ ಕಾರ್ಡು ಅಲ್ಲೇ ಛಾಪಸ್ತೀವಿ," ಎಂದಳು. "ಸಾಹೇಬನ ಮುಂದ ನನಗ ಓದವರು ಒಬ್ಬರು ಬೇಕು."