ಹೆಸರುಗಳಿದ್ದ ಡಿಸ್ಕು

ಗಾಣಗಾಪುರದಲ್ಲಿ ಗುರುವಾರ ಬಂತೆಂದರೆ ಪೂಜಾರಿಗಳ ಮನೆಯಲ್ಲಿ ಮನೆಯವರಿಗೇ ಜಾಗವಿರುವುದಿಲ್ಲ. ತೊಂಬತ್ತೇಳರ ಶ್ರಾವಣದ ಆ ಗುರುವಾರವೂ ವ್ಯಂಕಟೇಶನ ಪಡಸಾಲೆಯಲ್ಲಿ ಸೊಲ್ಲಾಪುರದ ಕಡೆಯ ಎರಡು ಸಂಸಾರಗಳು ಗಂಟು ಬಿಚ್ಚಿಕೊಂಡು ಕೂತಿದ್ದವು. ಅವರಿಂದ ಸ್ವಲ್ಪ ದೂರದಲ್ಲಿ, ಕಂಬಕ್ಕೆ ಒರಗಿ, ಅಫಜಲಪುರದಿಂದ ಬಂದ ಲೀಲಾಬಾಯಿ ಒಬ್ಬರೇ ಕೂತಿದ್ದರು. ಎಪ್ಪತ್ತೆರಡು ವರ್ಷದ ಮುದುಕಿ. ಅವರು ಬಂದದ್ದು ತಮ್ಮ ತಾಯಿಯ ಹೆಸರು ತಿಳಿದುಕೊಂಡು ಹೋಗಲು.

ಒಳಕೋಣೆಯಲ್ಲಿ ವ್ಯಂಕಟೇಶನ ಹೆಂಡತಿ ಸುಲಭಾ ಆ ಹೆಸರಿಗಾಗಿಯೇ ಕಂಪ್ಯೂಟರು ಹಚ್ಚಿ ಕೂತಿದ್ದಳು. ಬೆಳಿಗ್ಗೆಯಿಂದ ಕರೆಂಟು ನಾಲ್ಕು ಸಲ ಹೋಗಿ ನಾಲ್ಕು ಸಲ ಬಂದಿತ್ತು. ಐದನೆಯ ಸಲ ಬಂದಾಗ ಡಬ್ಬಿಯೊಳಗಿನ ಫ್ಯಾನು ತಿರುಗಿತು, ಪರದೆ ಬೆಳಗಿತು, ಆದರೆ ಎಂದಿನಂತೆ ಮುಂದಕ್ಕೆ ಹೋಗಲಿಲ್ಲ. ಒಳಗಿನಿಂದ ಟಿಕ್, ಟಿಕ್, ಟಿಕ್ ಎಂದು ಉಗುರಿನಿಂದ ತಗಡು ಕುಟ್ಟಿದಂಥ ಸದ್ದು ಬಂತು. ಆಮೇಲೆ ಏನೋ ಒಂದು ಸುಸ್ತಾಗಿ ಕೂತಂತೆ ಸದ್ದು ಇಳಿದು ನಿಂತಿತು. ಡಿಸ್ಕು ಸಿಗುತ್ತಿಲ್ಲವೆಂದು ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಮೂಡಿತು.

ಅವಳು ಬಂದ್ ಮಾಡಿ ಮತ್ತೆ ಹಚ್ಚಿದಳು. ಅದೇ ಟಿಕ್, ಅದೇ ಸಾಲು. ಹತ್ತು ಸಲ ಹಾಗೆ ಮಾಡಿದ ಮೇಲೆ ಎದ್ದು ಪಡಸಾಲೆಗೆ ಬಂದಳು.

"ಲೀಲಾಬಾಯಿಯವರ, ಇವತ್ತ ಮಷೀನ ನಡಿವಲ್ದರಿ. ಪಿತೃಪಕ್ಷದಾಗ ಹೆಂಗೂ ಬರ್ತೀರಲ್ಲ. ಅಷ್ಟರಾಗ ತೆಗದಿಟ್ಟಿರ್ತೇನಿ."

"ಎಪ್ಪತ್ತ ವರ್ಷ ಕಾದೀನವ್ವಾ," ಎಂದರು ಲೀಲಾಬಾಯಿ, ಮೊಣಕಾಲು ಹಿಡಿದುಕೊಂಡು ಏಳುತ್ತ. "ಇನ್ನೊಂದ ತಿಂಗಳ ಏನಾಗೂದದ."

ಲೀಲಾಬಾಯಿಯನ್ನು ಹಡೆದ ಹತ್ತನೆಯ ದಿನಕ್ಕೇ ಅವರ ತಾಯಿ ತೀರಿಕೊಂಡಿದ್ದರು. ನರೋಣಾದ ಅವರ ತಂದೆ ವರ್ಷದೊಳಗೆ ಮತ್ತೆ ಮದುವೆಯಾದರು. ಎರಡನೆಯವರ ಮುಂದೆ ಮೊದಲಿನವರ ಹೆಸರು ಎತ್ತುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. 'ಮೊದಲಿನಾಕಿ' ಎಂದಷ್ಟೇ ಅನ್ನುತ್ತಿದ್ದರು. ತಾಯಿಯ ತವರಿನವರು ಪ್ಲೇಗಿನಲ್ಲಿ ಹೋಗಿದ್ದರು. ಲೀಲಾಬಾಯಿಗೆ ಕೇಳುವ ಬುದ್ಧಿ ಬರುವಷ್ಟರಲ್ಲಿ ಹೇಳುವವರು ಉಳಿದಿರಲಿಲ್ಲ. ಆದರೆ ಅವರಿಗೆ ಒಂದು ಸಂಗತಿ ಮಾತ್ರ ಗೊತ್ತಿತ್ತು: ಮದುವೆಯಾದ ಹೊಸದರಲ್ಲಿ ತಂದೆತಾಯಿ ಜೋಡಿಯಾಗಿ ಗಾಣಗಾಪುರಕ್ಕೆ ಬಂದು ಹೋಗಿದ್ದರು. ಬಂದವರ ಹೆಸರನ್ನು ಈ ಮನೆತನದವರು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಗಂಡಸರ ಹೆಸರಿನ ಜೊತೆಗೆ ಅವರೊಡನೆ ಬಂದ ಹೆಣ್ಣುಮಕ್ಕಳ ಹೆಸರನ್ನೂ ಬಿಡದೆ ಬರೆದಿದ್ದರೆಂಬುದು ಈ ಮನೆಯ ವಹಿಗಳ ಹೆಚ್ಚುಗಾರಿಕೆಯಾಗಿತ್ತು.

ಇಪ್ಪತ್ತಮೂರು ವಹಿಗಳಿದ್ದವು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳು. ಎಲ್ಲವೂ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದವು, ಆ ಲಿಪಿ ಓದುವವರು ಮನೆಯಲ್ಲಿ ಸುಲಭಾಳ ಮಾವ ವಾಮನರಾಯರೊಬ್ಬರೇ. ಗೆದ್ದಲು ಹತ್ತಿ ಹಾಳೆಗಳು ಜರಡಿಯಾಗತೊಡಗಿದಾಗ ಸುಲಭಾಳೇ ಈ ಉಪಾಯ ತೆಗೆದಿದ್ದಳು. ಅವಳ ತವರು ಗಡಿಯ ಹಿರೋಳ್ಳಿ, ಮರಾಠಿ ಚೆನ್ನಾಗಿ ಬರುತ್ತಿತ್ತು. ಕಲಬುರ್ಗಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದಳು. ಅಲ್ಲಿನ ಒಂದು ಛಾಪಖಾನೆಯವರು ಹಳೆಯ ಮಷೀನು ಮಾರುತ್ತಾರೆಂದು ತಿಳಿದು ವ್ಯಂಕಟೇಶನನ್ನು ಒಪ್ಪಿಸಿ ತರಿಸಿದಳು. ಮಧ್ಯಾಹ್ನದ ಊಟವಾದ ಮೇಲೆ ಮಾವ ಭೂತಗನ್ನಡಿ ಹಿಡಿದು ಓದುವುದು, ಸೊಸೆ ಕುಟ್ಟುವುದು. ಎರಡೂವರೆ ವರ್ಷ ಹೀಗೇ ನಡೆಯಿತು. ಅಲ್ಲಿಯವರೆಗೆ ಮಾವನೆದುರು ತಲೆಯೆತ್ತಿ ಮಾತಾಡದವಳು, ಅವರು ಒಂದಕ್ಷರ ತಪ್ಪು ಓದಿದರೆ ತಡೆದು ನಿಲ್ಲಿಸುವಷ್ಟು ಸಲಿಗೆಯವಳಾದಳು.

ಕೊನೆಯ ವಹಿ ಮುಗಿದ ದಿನ ವಾಮನರಾಯರು ಕನ್ನಡಕ ತೆಗೆದಿಟ್ಟು ಕೇಳಿದ್ದರು: "ಎಲ್ಲಾ ಅದರಾಗ ಬಂತಲ್ಲ, ಸುಲಭಾ?"

"ಬಂದದರಿ ಮಾವಾರ. ಎಲ್ಲಾ ಬಂದದ."

ಪುಡಿಪುಡಿಯಾಗುತ್ತಿದ್ದ ವಹಿಗಳನ್ನು ಕಾಲಡಿಗೆ ಬೀಳಗೊಡಬಾರದೆಂದು ಅವರು ಒಂದು ಒಳ್ಳೆಯ ದಿನ ನೋಡಿ, ಎಲ್ಲವನ್ನೂ ಧೋತರದಲ್ಲಿ ಕಟ್ಟಿಸಿ, ಸಂಗಮಕ್ಕೆ ಒಯ್ದು ಭೀಮೆಯ ನೀರಿಗೆ ಬಿಟ್ಟು ಬಂದರು. ಸುಲಭಾ ಜೊತೆಗೆ ಹೋಗಿದ್ದಳು. ಅದಾಗಿ ಆರು ತಿಂಗಳಿಗೆ ವಾಮನರಾಯರೂ ಹೋದರು.

ಮೊದಲೆರಡು ವಹಿಗಳನ್ನು ಅವಳು ಫ್ಲಾಪಿಗಳಿಗೆ ಇಳಿಸಿಟ್ಟಿದ್ದು ನಿಜ. ಉಳಿದದ್ದನ್ನು ಇವತ್ತು ಮಾಡೋಣ ನಾಳೆ ಮಾಡೋಣ ಎನ್ನುತ್ತ ಬಿಟ್ಟಿದ್ದಳು. ಆ ಗುರುವಾರ ಸಂಜೆ ನದಿಯ ಕಡೆಯ ಗೋಡೆಯ ಗೂಡಿನಿಂದ ಆ ಫ್ಲಾಪಿಗಳನ್ನು ತೆಗೆದಳು. ಮಳೆಗಾಲದ ತಂಪಿಗೆ ಒಳಗಿನ ಕರಿಯ ಹಾಳೆಯ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು.

ಎರಡು ದಿನ ಬಿಟ್ಟು ವ್ಯಂಕಟೇಶ ಡಬ್ಬಿಯನ್ನು ಕಲಬುರ್ಗಿಗೆ ಒಯ್ದ. ಅಂಗಡಿಯವನು ಬಿಚ್ಚಿ, ಟಿಕ್ ಸದ್ದು ಕೇಳಿ, ಇದನ್ನು ಬಿಸಾಡಿ ಹೊಸದು ಹಾಕಿಸಿಕೊಳ್ಳಿರೆಂದ. ಒಳಗಿನದು ಬೇಕು ಎಂದಾಗ ಆಳಂದದಲ್ಲಿ ಉಸ್ಮಾನಸಾಬ ಎಂಬವರಿದ್ದಾರೆ, ಅವರು ಬಿಟ್ಟರೆ ಈ ಜಿಲ್ಲೆಯಲ್ಲಿ ಮತ್ಯಾರೂ ಇಲ್ಲ ಎಂದ. ವ್ಯಂಕಟೇಶ ಮನೆಗೆ ಬಂದು ಇದನ್ನು ಹೇಳಿ, ತನಗೆ ಪೂಜೆಯ ಪಾಳಿ ಇದೆಯೆಂದು ಕೈ ತೊಳೆದುಕೊಂಡ. ಮರುದಿನ ಸುಲಭಾ ತಾನೇ ಹೊರಟಳು. ಡಬ್ಬಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಿಸಬೇಕೆಂದ ಕಂಡಕ್ಟರನೊಡನೆ ಜಗಳವಾಡಿ, ಕುಣಿಗಳು ಬಂದಲ್ಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಆಳಂದ ಮುಟ್ಟಿದಳು.

ಉಸ್ಮಾನಸಾಬರದು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಅಂಗಡಿ. ಮೂವತ್ತು ವರ್ಷ ರೇಡಿಯೊ, ಟೀವಿ ದುರಸ್ತಿ ಮಾಡಿ ಈಚೆಗೆ ಕಂಪ್ಯೂಟರಿಗೆ ಕೈಹಾಕಿದವರು. ಮಾತು ಕಡಿಮೆ. ಡಬ್ಬಿ ಬಿಚ್ಚಿದರು, ಪಟ್ಟಿಯಂಥ ತಂತಿ ತೆಗೆದು ಬೇರೆ ತಂತಿ ಹಚ್ಚಿದರು, ಕರೆಂಟಿನ ಬೇರೆ ಕೊಂಡಿ ಹಚ್ಚಿದರು. ಟಿಕ್ ನಿಲ್ಲಲಿಲ್ಲ. ಆಮೇಲೆ ಪರದೆಯ ಮೇಲಿನ ತಾರೀಖಿಗೆ ಬೊಟ್ಟು ಮಾಡಿದರು.

"ಇಲ್ನೋಡ್ರಿ ಬಾಯಿಯವರ. ಸನ್ ಎಂಬತ್ತನೇ ಇಸವಿ ತೋರಸಾಕತ್ತದ. ಒಳಗಿಂದು ಸಣ್ಣ ಸೆಲ್ ಸತ್ತದ. ಅದು ಸತ್ತರ ಡಿಸ್ಕ ಎಷ್ಟ ದೊಡ್ಡದು, ಎಂಥಾದು ಅನ್ನೂದ ಮಷೀನ ಮರೀತದ."

"ಅಂದ್ರ ಡಿಸ್ಕ ಛಲೋ ಇರಬಹುದೇನ್ರಿ?"

"ಇರಬಹುದು. ಉಮೇದ ಇಟ್ಟಕೋಬ್ಯಾಡ್ರಿ, ನೋಡಾಕತ್ತೇನಿ."

ಆದರೆ ಅವಳು ಇಟ್ಟುಕೊಂಡಳು. ಅವರು ಹೊಸ ಸೆಲ್ ಕೂಡಿಸಿ, ಡಿಸ್ಕಿನ ಮೇಲಿನ ಚೀಟಿಯಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಕುಟ್ಟುತ್ತಿದ್ದಾಗ ಅವಳೂ ಬಗ್ಗಿ ಒಂದೊಂದನ್ನೂ ತಾಳೆ ನೋಡುತ್ತಿದ್ದಳು. ಇಷ್ಟೇ ಆಗಿದ್ದರೆ, ಒಂದು ಗುಂಡಿಯಗಲದ ಸೆಲ್ಲಿನಿಂದಲೇ ಇಷ್ಟೆಲ್ಲ ಆಗಿದ್ದರೆ, ಇವತ್ತೇ ತಿರುಗಿ ಹೋಗಿ ಎಲ್ಲವನ್ನೂ ಹಾಳೆಯ ಮೇಲೆ ಛಾಪಿಸಿಬಿಡುತ್ತೇನೆ ಅಂದುಕೊಂಡಳು. ಉಸ್ಮಾನಸಾಬರು ಮಷೀನು ಹಚ್ಚಿದರು. ಟಿಕ್, ಟಿಕ್, ಟಿಕ್.

ಅವರು ಬೀಡಿ ಹೊತ್ತಿಸಿ ಹೊರಗೆ ಹೋಗಿ ನಿಂತರು. ತಿರುಗಿ ಬಂದು ಹೇಳಿದರು: "ಇದರ ಒಳಗ ತಾಟಿನಂಥಾ ಒಂದು ಬಿಲ್ಲಿ ಗರಗರ ತಿರಗತದರಿ. ಅದರ ಮ್ಯಾಲ ಒಂದು ಸೂಜಿ ಮುಟ್ಟಿಯೂ ಮುಟ್ಟಲಾರದಂಗ ಓಡಾಡಬೇಕು. ನಿಮ್ಮದರಾಗ ಸೂಜಿ ತನ್ನ ಜಾಗಾ ಹುಡಕಾಕತ್ತದ. ಸಿಗವಲ್ದು. ಹೊಳ್ಳಿ ಹೊಳ್ಳಿ ಹುಡಕತದ, ಅದs ಈ ಆವಾಜು."

"ಬಿಚ್ಚಿ ನೋಡಾಕ ಬರೂದಿಲ್ಲೇನ್ರಿ?"

"ಇಲ್ಲಿ ಬಿಚ್ಚಿದರ ಆಳಂದದ ಧೂಳೇ ಅದನ್ನ ಕೊಲ್ಲತದ."

ಕೊನೆಯ ಪ್ರಯತ್ನವೆಂದು ಅವರು ಡಿಸ್ಕನ್ನು ಪೂರ್ತಿ ಹೊರತೆಗೆದು, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ತಮ್ಮ ಸ್ವಂತ ಮಷೀನಿಗೆ ಎರಡನೆಯ ಡಿಸ್ಕಾಗಿ ಜೋಡಿಸಿದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಡಿಸ್ಕನ್ನು ಓರೆಯಾಗಿ ನಿಲ್ಲಿಸಿ ಹಚ್ಚಿದಾಗ ಟಿಕ್ ನಿಂತಿತು. ಪರದೆಯ ಮೇಲೆ ಹೆಸರುಗಳು ಇಳಿಯತೊಡಗಿದವು. ಊರಿಗೊಂದು ಕಡತದಂತೆ ಅವಳೇ ಇಟ್ಟ ಹೆಸರುಗಳು. ಅಫಜಲಪುರ, ಜೇವರ್ಗಿ, ನರೋಣಾ, ಹಿರೋಳ್ಳಿ, ಸಾಲಾಗಿ ನೂರಾರು ಊರು.

"ಎಷ್ಟೊತ್ತು ನಡೀತದೋ ಗೊತ್ತಿಲ್ಲ," ಎಂದರು ಉಸ್ಮಾನಸಾಬರು, ಕೈ ಅಕ್ಷರದ ಗುಂಡಿಗಳ ಮೇಲೆ ಇಟ್ಟು. "ಮೊದಲ ಯಾವದು ಬೇಕು, ಲಗೂನ ಹೇಳ್ರಿ."

ಹಿರೋಳ್ಳಿಯ ಕಡತದಲ್ಲಿ ಅವಳ ಸ್ವಂತ ಮುತ್ತಜ್ಜಿಯ ಹೆಸರಿತ್ತು. ಮಾವ ಅದನ್ನು ಓದಿದ ದಿನ ಇಬ್ಬರೂ ನಕ್ಕಿದ್ದರು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ನರೋಣಾ," ಎಂದಳು.

ಅವರು ನರೋಣಾದ ಕಡತವನ್ನು ತಮ್ಮ ಡಿಸ್ಕಿಗೆ ಎಳೆಯತೊಡಗಿದರು. ಸ್ವಲ್ಪ ಬಂತು, ನಿಂತಿತು. ಬಿಡಲೋ, ಮತ್ತೆ ನೋಡಲೋ ಎಂದು ಮಷೀನು ಕೇಳಿತು. ಮತ್ತೆ ನೋಡು ಎಂದು ಒತ್ತಿದರು. ಇನ್ನೊಂದಿಷ್ಟು ಬಂತು. ಮತ್ತೆ ಕೇಳಿತು, ಮತ್ತೆ ಒತ್ತಿದರು. ಬೆರಳು ಸೋತಾಗ ಸುಲಭಾಳಿಗೆ ಜಾಗ ಬಿಟ್ಟುಕೊಟ್ಟರು. ಅವಳು ಒಂದೇ ಅಕ್ಷರವನ್ನು ಒತ್ತುತ್ತ ಕೂತಳು. ಎಷ್ಟು ಹೊತ್ತು ಕೂತಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಒಳಗೆ ಕಲ್ಲಿನ ಮೇಲೆ ಕಬ್ಬಿಣ ಎಳೆದಂಥ ಸಣ್ಣ ಕಿರ್ರೆಂಬ ಸದ್ದು ಕೇಳಿಸಿ, ಡಿಸ್ಕು ತಿರುಗುವುದನ್ನೇ ನಿಲ್ಲಿಸಿಬಿಟ್ಟಿತು. ಉಸ್ಮಾನಸಾಬರು ಅವಳ ಕೈಯನ್ನು ಮೆಲ್ಲಗೆ ಸರಿಸಿ ಕರೆಂಟು ಬಂದ್ ಮಾಡಿದರು.

ಬಂದಷ್ಟು ಕಡತವನ್ನು ತೆರೆದು ನೋಡಿದರು. ಶ್ರೀಕಾರ, ಊರಿನ ಹೆಸರು, ಎರಡು ಮನೆತನಗಳ ಪಟ್ಟಿ ಸರಿಯಾಗಿತ್ತು. ಅದರ ಕೆಳಗೆ ಚುಕ್ಕಿ, ಗೆರೆ, ಯಾವ ಭಾಷೆಯದೂ ಅಲ್ಲದ ಗುರುತುಗಳು. ಆ ಎರಡು ಮನೆತನಗಳಲ್ಲಿ ಲೀಲಾಬಾಯಿಯವರದು ಇರಲಿಲ್ಲ.

ಉಸ್ಮಾನಸಾಬರು ದುಡ್ಡು ಮುಟ್ಟಲಿಲ್ಲ. ಮುಂಬಯಿಯಲ್ಲಿ ಡಿಸ್ಕು ಬಿಚ್ಚಿ ನೋಡುವವರೊಬ್ಬರ ವಿಳಾಸ ಬರೆದುಕೊಟ್ಟರು. ಸುಲಭಾ ಅಲ್ಲಿಗೂ ಪಾರ್ಸಲ್ ಕಳಿಸಿದಳು. ಮೂರು ವಾರಕ್ಕೆ ಅದು ಎರಡು ಸಾಲಿನ ಚೀಟಿಯೊಡನೆ ತಿರುಗಿ ಬಂತು. ಬಿಲ್ಲೆಯ ಮೈ ಕೆರೆದು ಹೋಗಿದೆ, ಓದುವಂಥದ್ದು ಏನೂ ಉಳಿದಿಲ್ಲ ಎಂದಿತ್ತು.

ಅಷ್ಟರಲ್ಲಿ ಪಿತೃಪಕ್ಷ ಬಂದಿತ್ತು. ಲೀಲಾಬಾಯಿ ಬರುವ ಹಿಂದಿನ ದಿನ ಊಟಕ್ಕೆ ಕೂತಾಗ ವ್ಯಂಕಟೇಶ ಕೇಳಿದ: "ನಾಳೆ ಆ ಮುದುಕಿಗೆ ಏನ ಹೇಳ್ತಿ?"

"ಇದ್ದದ್ದ ಹೇಳ್ತೇನಿ."

"ನಿನಗ ಏನೂ ನೆನಪಿಲ್ಲೇನು? ನೀನs ಕುಟ್ಟಿದಾಕಿ."

ಅದೇ ಅವಳನ್ನು ತಿಂಗಳಿನಿಂದ ತಿನ್ನುತ್ತಿತ್ತು. ಸಾವಿರಾರು ಹೆಸರು ಕುಟ್ಟಿದ್ದಳು. ನರೋಣಾದ ಆ ಮನೆತನದ್ದನ್ನು ಕುಟ್ಟುವಾಗ ಯಾವುದೋ ನದಿಯ ಹೆಸರು ಬಂದಂತೆ ಮಸುಕಾಗಿ ನೆನಪು. ಗೋದಾವರಿಯೋ, ಕೃಷ್ಣೆಯೋ, ತುಂಗೆಯೋ, ಯಮುನೆಯೋ. ಒಂದೊಂದನ್ನೂ ಬಾಯಲ್ಲಿ ಅಂದು ನೋಡಿದ್ದಳು. ಎಲ್ಲವೂ ಸರಿಯೆನಿಸುತ್ತಿದ್ದವು, ಯಾವುದೂ ಹೌದೆನಿಸುತ್ತಿರಲಿಲ್ಲ. ನೆನಪು ಬೇರೆ ಊರಿನ ಬೇರೆ ಮನೆಯದ್ದೂ ಇರಬಹುದು.

"ಹಂಗಾದರ ಗೋದಾಬಾಯಿ ಅಂತ ಹೇಳಿಬಿಡು," ಎಂದ ವ್ಯಂಕಟೇಶ. ಅವನ ದನಿಯಲ್ಲಿ ಕಪಟವಿರಲಿಲ್ಲ, ಮರುಕವೇ ಇತ್ತು. "ಯಾರ ಬಂದು ಕೇಳೂದದ? ಮುದುಕಿ ಸಮಾಧಾನದ್ಲೆ ಕಣ್ಣ ಮುಚ್ಚತಾಳ."

ಅವನು ಹೇಳಿದ್ದು ತಪ್ಪೆಂದು ಖಂಡಿತವಾಗಿ ಹೇಳುವ ಬಲ ಸುಲಭಾಳಲ್ಲಿರಲಿಲ್ಲ.

ಮರುದಿನ ಲೀಲಾಬಾಯಿ ಮಗನೊಡನೆ ಬಂದರು. ಮಗ ಸಂಗಮದಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಹೊರಗೆ ನಿಂತಿದ್ದ. ತರ್ಪಣಕ್ಕೆ ಅಜ್ಜಿಯ ಹೆಸರು ಬೇಕಿತ್ತು. ಲೀಲಾಬಾಯಿ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಅದನ್ನು ನೋಡಿ ಸುಲಭಾಳಿಗೆ ಗೋದಾಬಾಯಿ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಎದುರು ಕೂತು, ಅವರ ಕೈ ಹಿಡಿದು, ನಡೆದದ್ದನ್ನೆಲ್ಲ ಹೇಳಿದಳು. ವಹಿಗಳನ್ನು ನೀರಿಗೆ ಬಿಟ್ಟದ್ದು, ಬೇರೆ ಪ್ರತಿ ಮಾಡಿಡದೆ ಹೋದದ್ದು, ಆಳಂದ, ಮುಂಬಯಿ. ಕೊನೆಗೆ ತಡೆಯಲಾರದೆ ಅದನ್ನೂ ಅಂದಳು: "ಯಾವದೋ ನದಿ ಹೆಸರ ಇದ್ದಂಗ ನೆನಪರಿ. ಅದೂ ಖಾತ್ರಿ ಇಲ್ಲ."

ಲೀಲಾಬಾಯಿ ಕೈ ಬಿಡಿಸಿಕೊಂಡರು.

"ಖಾತ್ರಿ ಇಲ್ಲದ್ದು ಯಾಕ ಹೇಳಿದಿ?" ಎಂದರು. "ಏನೂ ಗೊತ್ತಿಲ್ಲ ಅಂದಿದ್ದರ ಸುಮ್ಮನ ಹೋಗತಿದ್ದೆ. ಇನ್ನ ಸಾಯೂತನಕ ನಾನು ನದಿ ಎಣಿಸಿಗೋತ ಕೂಡಬೇಕು."

"ತಪ್ಪಾತರಿ," ಎಂದಳು ಸುಲಭಾ.

"ಒಂದ ಹೆಸರ ಹೇಳಿದ್ದರ ನಂಬತಿದ್ದೆ."

ಅವರು ಮಗನ ಹೆಗಲು ಹಿಡಿದು ಮೆಟ್ಟಿಲಿಳಿದರು. ಸಂಗಮದಲ್ಲಿ ಪುರೋಹಿತರು ಹೆಸರು ಕೇಳಿದಾಗ ಮಗ ಗೊತ್ತಿಲ್ಲವೆಂದನಂತೆ. ಅವರು ಗೊತ್ತಿಲ್ಲದವರ ಸಾಲಿನಲ್ಲಿ ಸೇರಿಸಿ ನೀರು ಬಿಡಿಸಿದರಂತೆ. ಲೀಲಾಬಾಯಿ ಮತ್ತೆ ಆ ಮನೆಗೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ವ್ಯಂಕಟೇಶ ಹೊಸ ಡಿಸ್ಕು ಹಾಕಿಸಿದ. ಮಷೀನು ಮೊದಲಿಗಿಂತ ಚುರುಕಾಗಿ ನಡೆಯುತ್ತಿತ್ತು. ಅವನು ಅದರಲ್ಲಿ ಲಾಡ್ಜಿನವರಿಗೆ ಬೋರ್ಡು, ಮದುವೆಯವರಿಗೆ ಲಗ್ನಪತ್ರಿಕೆ ಮಾಡಿಕೊಡತೊಡಗಿದ. ಸುಲಭಾ ಅದರ ಮುಂದೆ ಕೂಡಲಿಲ್ಲ. ಅವಳು ದಪ್ಪ ರಟ್ಟಿನ ಒಂದು ನೋಟಬುಕ್ಕು ತಂದು, ಬಂದ ಯಾತ್ರಿಕರನ್ನೇ ಕೇಳಿ ಬರೆದುಕೊಳ್ಳಲು ಶುರುಮಾಡಿದಳು. ಹೊಸದಾಗಿ ಆದರೂ ಸರಿ, ಮತ್ತೆ ಕೂಡಿಸಬಹುದೆಂದು ಅವಳ ಲೆಕ್ಕ.

ಮೊದಲ ದಿನ ಬಂದವನು ಜೇವರ್ಗಿ ಕಡೆಯ ಐವತ್ತರ ಆಸುಪಾಸಿನ ಒಬ್ಬ ಮಾಸ್ತರ. ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು ತಡವರಿಸದೆ ಹೇಳಿದ.

"ಅಜ್ಜಿ ಹೆಸರರಿ?" ಎಂದಳು ಸುಲಭಾ, ಪೆನ್ನು ಹಿಡಿದು.

ಅವನು ನೆನಪಿಸಿಕೊಳ್ಳಲು ಮೇಲೆ ನೋಡಿದ, ಹೆಂಡತಿಯ ಮುಖ ನೋಡಿದ. ನಾಚಿಕೊಂಡಂತೆ ನಕ್ಕ.

"ಅಜ್ಜಿ ಅಂತನs ಕರೀತಿದ್ವಿರಿ," ಎಂದ.